ಮಗುವಿಗೆ ಫೋನಿನಲ್ಲೇ ಡಾಕ್ಟರಿಗೆ ತೋರಿಸಿದವರು ಯಾರಾದರೂ ಇದ್ದೀರಾ?

ತೋಟದಮನೆ (ತೀರ್ಥಹಳ್ಳಿ ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಮೂರು ವರ್ಷ. ನಿನ್ನೆ ರಾತ್ರಿ ಮೈ ಬಿಸಿ ಇತ್ತು, ಥರ್ಮಾಮೀಟರಿನಲ್ಲಿ 100 ಡಿಗ್ರಿ ತೋರಿಸಿತು. ಬೆಳಿಗ್ಗೆ ಎದ್ದಾಗ ಜ್ವರ ಇರಲಿಲ್ಲ. ಆದರೆ ಬಾಯಿ ಸುತ್ತ ಸಣ್ಣ ಸಣ್ಣ ಗುಳ್ಳೆ ಎದ್ದಿವೆ. ಅಂಗೈಯಲ್ಲೂ ಒಂದಿಷ್ಟು ಕೆಂಪು ಚುಕ್ಕೆ ಇವೆ. ಗಂಜಿ ಕೊಟ್ಟರೆ ಬಾಯಿ ಉರಿ ಅಂತ ಅಳುತ್ತಾಳೆ. ಹಾಲು ಕುಡಿದಳು. ಉಳಿದಂತೆ ಜಗಲಿಯಲ್ಲಿ ಬೆಕ್ಕಿನ ಮರಿ ಜೊತೆ ಆಡಿಕೊಂಡಿದ್ದಾಳೆ. ಅಂಗನವಾಡಿಯಲ್ಲಿ ಬೇರೆ ಮಕ್ಕಳಿಗೂ ಹೀಗೇ ಆಗಿದೆಯಂತೆ.

ನಾವಿರುವುದು ಆಗುಂಬೆ ಕಡೆ. ಮಕ್ಕಳ ಡಾಕ್ಟರಿಗೆ ತೋರಿಸಬೇಕು ಅಂದರೆ ತೀರ್ಥಹಳ್ಳಿಗೆ ಹೋಗಬೇಕು. ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದರೆ ಮತ್ತೆ 60 ಕಿಲೋಮೀಟರ್. ಜುಲೈ ಮಳೆ ಹೇಗಿರುತ್ತೆ ಅಂತ ಈ ಕಡೆಯವರಿಗೆ ಗೊತ್ತು. ಹಳ್ಳ ತುಂಬಿದೆ. ಕಾಲುಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಿದರೆ ಮಾತ್ರ ರಸ್ತೆ. ಮಳೆ ಸ್ವಲ್ಪ ಹೊಳವಾದ ಕೂಡಲೇ ಯಜಮಾನರು ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡೆಸಲು ತೋಟಕ್ಕೆ ಓಡುತ್ತಾರೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಸಿಗುವುದೇ ಕಷ್ಟ ಈಗ, ಅವರನ್ನು ವಾಪಸ್ ಕಳಿಸಲೂ ಆಗುವುದಿಲ್ಲ.

ಅತ್ತೆ ಸೀತಾಳೆ ಸಿಡುಬು ಇರಬೇಕು, ಬೇವಿನಸೊಪ್ಪು ಹಾಸಿ ಮಲಗಿಸೋಣ ಅನ್ನುತ್ತಾರೆ. ಅವರು ನಾಲ್ಕು ಮಕ್ಕಳನ್ನು ಸಾಕಿದವರು, ಅವರ ಮಾತು ತೆಗೆದುಹಾಕುವ ಮನಸ್ಸಿಲ್ಲ. ಆದರೆ ಅಂಗೈಯಲ್ಲಿ ಚುಕ್ಕೆ ಇರುವುದು ನೋಡಿ ನನಗೆ ಅನುಮಾನ. ಇದನ್ನು ವಿಡಿಯೋ ಕಾಲ್‌ನಲ್ಲಿ ಡಾಕ್ಟರಿಗೆ ತೋರಿಸಬಹುದಾ? ಅವರಿಗೆ ಸರಿಯಾಗಿ ಕಾಣುತ್ತಾ? ದುಡ್ಡು ಎಷ್ಟಾಗುತ್ತೆ? ನಮ್ಮನೆಯಲ್ಲಿ ಜಗಲಿ ತುದಿಯಲ್ಲಿ ನಿಂತರೆ ಮಾತ್ರ ನೆಟ್‌ವರ್ಕ್ ಸಿಗುವುದು. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉಪಕೇಂದ್ರದ ಸಿಸ್ಟರ್:

ನಾನು ಹಾವೇರಿ ಜಿಲ್ಲೆಯ ಒಂದು ಉಪಕೇಂದ್ರದಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಆಗಿದ್ದೇನೆ. ಮೊದಲು ಇದನ್ನು ನೋಡಿಕೊಳ್ಳಿ ಮೇಡಂ. ಮಗು ಉಚ್ಚೆ ಹೊಯ್ಯುತ್ತಿದೆಯಾ? ಏಳೆಂಟು ಗಂಟೆಯಿಂದ ಹೊಯ್ದಿಲ್ಲ, ಏನೂ ಕುಡಿಯುತ್ತಿಲ್ಲ, ಎಬ್ಬಿಸಿದರೂ ಮಂಪರಿನಲ್ಲೇ ಇದೆ, ಮೈ ಬೆಚ್ಚಿ ಬೆಚ್ಚಿ ಬೀಳುತ್ತಿದೆ, ಉಸಿರು ಜೋರಾಗಿದೆ, ಇದರಲ್ಲಿ ಯಾವುದಿದ್ದರೂ ವಿಡಿಯೋ ಬೇಡ. 108ಕ್ಕೆ ಫೋನ್ ಮಾಡಿ ಹೊರಡಿ. ನೀವು ಬರೆದಿರುವುದು ನೋಡಿದರೆ ಆಟ ಆಡುತ್ತಿದ್ದಾಳೆ, ಹಾಲು ಕುಡಿದಿದ್ದಾಳೆ. ಹಾಗಿದ್ದರೆ ವಿಡಿಯೋದಲ್ಲಿ ತೋರಿಸಬಹುದು.

ವಿಡಿಯೋದಲ್ಲಿ ಡಾಕ್ಟರಿಗೆ ತೋರಿಸಲು ಸರ್ಕಾರದ್ದೇ ಇ-ಸಂಜೀವಿನಿ ಆ್ಯಪ್ ಇದೆ. 2020ರ ಏಪ್ರಿಲ್‌ನಲ್ಲಿ ಕೊರೊನಾ ಲಾಕ್‌ಡೌನ್ ಇದ್ದಾಗ ಮನೆಯಿಂದಲೇ ತೋರಿಸುವ ಒಪಿಡಿ ಶುರುವಾಯಿತು. ಫೀಸು ಇಲ್ಲ. ಮೊಬೈಲ್ ನಂಬರ್ ಹಾಕಿದರೆ ಒಟಿಪಿ ಬರುತ್ತದೆ, ಮಗುವಿನ ಹೆಸರು ವಯಸ್ಸು ತುಂಬಿದರೆ ಟೋಕನ್ ಸಿಗುತ್ತದೆ. ನಿಮ್ಮ ಸರದಿ ಬಂದಾಗ ಡಾಕ್ಟರ್ ಪರದೆ ಮೇಲೆ ಬರುತ್ತಾರೆ. ಕೊನೆಗೆ ಔಷಧಿ ಚೀಟಿ ಫೋನಿಗೇ ಬರುತ್ತದೆ. ನೆಟ್‌ವರ್ಕ್ ತೀರಾ ಕೈಕೊಟ್ಟರೆ ನಿಮ್ಮ ಹತ್ತಿರದ ಉಪಕೇಂದ್ರಕ್ಕೆ ಹೋಗಿ. ಈಗ ಬೋರ್ಡಿನ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬರೆದಿರುತ್ತಾರೆ. ಅಲ್ಲಿರುವ ಸಿಎಚ್‌ಒ ಕೂಡ ಅದೇ ಇ-ಸಂಜೀವಿನಿಯಲ್ಲಿ ಡಾಕ್ಟರನ್ನು ಕರೆಯುತ್ತಾರೆ. ಅಲ್ಲಿ ತೂಕ ನೋಡುವವರು, ಜ್ವರ ನೋಡುವವರು ಪಕ್ಕದಲ್ಲೇ ಇರುತ್ತಾರೆ ಅನ್ನುವುದು ದೊಡ್ಡ ಅನುಕೂಲ.

ಇನ್ನೊಂದು ಮಾತು. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಪರದೆ ಆಚೆ ಕೂತಿರುವ ಡಾಕ್ಟರು ಎಲ್ಲಿಯವರೋ ಇರಬಹುದು. ಅವರಿಗೆ ನೀವು ಮಲೆನಾಡಿನವರು ಅಂತ ಗೊತ್ತಿರುವುದಿಲ್ಲ. ನೀವಾಗಿಯೇ ಹೇಳಿ. ನಿಮ್ಮ ಕಡೆ ಮಂಗನ ಕಾಯಿಲೆ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ ಅದು ಮೊದಲು ಪತ್ತೆಯಾಗಿದ್ದು. ಅದು ಜಾಸ್ತಿ ಬರುವುದು ಬೇಸಿಗೆಗೆ, ಉಣುಗು (ಉಣ್ಣೆ ಹುಳ) ಕಚ್ಚಿ. ಈಗ ಮಳೆಗಾಲದಲ್ಲಿ ಡೆಂಗಿ, ಇಲಿ ಜ್ವರ ನೋಡಬೇಕು. ಉಣುಗು ಕಚ್ಚಿತ್ತಾ, ಅಕ್ಕಪಕ್ಕ ಡೆಂಗಿ ಆಗಿದೆಯಾ, ಅಂಗನವಾಡಿಯಲ್ಲಿ ಯಾರಿಗೆ ಏನಾಗಿದೆ, ಇದಿಷ್ಟನ್ನೂ ಅವರು ಕೇಳದಿದ್ದರೂ ಹೇಳಿ.

ಇಬ್ಬರ ಅಮ್ಮ (ಬೆಂಗಳೂರು):

ತೋಟದಮನೆ ಅವರೇ, ನಾನು ಇಬ್ಬರು ಮಕ್ಕಳಿಗೂ ವಿಡಿಯೋದಲ್ಲಿ ತೋರಿಸಿದ್ದೇನೆ. ನನ್ನ ಅನುಭವದಲ್ಲಿ ಕಣ್ಣಿಗೆ ಕಾಣುವ ಕಾಯಿಲೆಗೆ ಇದು ತುಂಬಾ ಒಳ್ಳೆಯದು. ಮೈ ಮೇಲಿನ ಗುಳ್ಳೆ, ಹುಳಕಡ್ಡಿ, ಸೊಳ್ಳೆ ಕಚ್ಚಿ ಊದಿದ್ದು, ಕಣ್ಣು ಕೆಂಪಾಗಿದ್ದು. ಕಿವಿನೋವಿಗೆ ಪ್ರಯೋಜನ ಇಲ್ಲ, ಕಿವಿಯೊಳಗೆ ನೋಡದೆ ಯಾರೂ ಏನೂ ಹೇಳಲಾರರು. ಹೊಟ್ಟೆನೋವಿಗೂ ಇಲ್ಲ. ಅದನ್ನು ಮುಟ್ಟಿಯೇ ನೋಡಬೇಕು.

ಕಾಲ್ ಬರುವುದಕ್ಕೆ ಮುಂಚೆ ಫೋಟೋ ತೆಗೆದು ಇಟ್ಟುಕೊಳ್ಳಿ. ಇದು ಎಲ್ಲಕ್ಕಿಂತ ಮುಖ್ಯ. ವಿಡಿಯೋ ಓಡುವಾಗ ಚರ್ಮದ ಬಣ್ಣ ಸರಿಯಾಗಿ ಕಾಣುವುದಿಲ್ಲ, ನಿಮ್ಮ ನೆಟ್‌ವರ್ಕ್‌ನಲ್ಲಂತೂ ಎಲ್ಲ ಮಸುಕು ಮಸುಕು. ಬಾಗಿಲ ಹತ್ತಿರ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ಫೋನಿನ ಹಿಂದಿನ ಕ್ಯಾಮೆರಾದಲ್ಲಿ ತೆಗೆಯಿರಿ. ಸೆಲ್ಫಿ ಕ್ಯಾಮೆರಾ ಬೇಡ. ಗುಳ್ಳೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಒಂದು, ಇಡೀ ಕೈ ಕಾಣುವ ಹಾಗೆ ಇನ್ನೊಂದು. ಅಂಗಾಲು, ಕುಂಡೆ, ಮೊಣಕಾಲು ಕೂಡ ಬಟ್ಟೆ ಸರಿಸಿ ನೋಡಿ. ಅಲ್ಲೂ ಇದ್ದರೆ ಡಾಕ್ಟರಿಗೆ ಗೊತ್ತಾಗಬೇಕು.

ತೂಕ ಗೊತ್ತಿರಲಿ. ಮಕ್ಕಳ ಔಷಧಿ ಎಲ್ಲ ತೂಕದ ಮೇಲೆಯೇ. ಒಮ್ಮೆ ಒಂದು ಆ್ಯಪ್‌ನಲ್ಲಿ ಸಣ್ಣವನಿಗೆ ನೆಗಡಿ ಅಂತ ತೋರಿಸಿದೆ. ಆಗ ಅವನಿಗೆ ಎರಡು ವರ್ಷ. ಡಾಕ್ಟರು ತೂಕ ಕೇಳಲಿಲ್ಲ, ಮಗುವಿನ ಮುಖ ಬಿಟ್ಟು ಬೇರೇನೂ ನೋಡಲಿಲ್ಲ. ಆ್ಯಂಟಿಬಯೋಟಿಕ್ ಜೊತೆ ಒಂದು ನೆಗಡಿ ಸಿರಪ್ ಬರೆದು ಕಾಲ್ ಮುಗಿಸಿಬಿಟ್ಟರು. ಆ ಸಿರಪ್‌ನಲ್ಲಿ ಇದ್ದಿದ್ದು ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್. ಈ ಎರಡೂ ಸೇರಿದ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಬಾಟಲಿ ಮೇಲೆ ಬರೆಯಲೇಬೇಕು ಎಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶ ಮಾಡಿದ್ದಾರೆ. ನನಗೆ ಬಹಳ ಸಿಟ್ಟು ಬಂತು. ಆ ಚೀಟಿಯನ್ನು ಮೆಡಿಕಲ್ ಶಾಪಿಗೆ ಒಯ್ಯಲೇ ಇಲ್ಲ. ಮಾರನೇ ದಿನ ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋದೆ. ಮೂಗಿಗೆ ಉಪ್ಪುನೀರಿನ ಡ್ರಾಪ್ಸ್ ಸಾಕು ಅಂದರು.

ಹಾಗಂತ ವಿಡಿಯೋ ಡಾಕ್ಟರೇ ಬೇಡ ಅನ್ನುತ್ತಿಲ್ಲ. ಆಮೇಲೂ ತೋರಿಸಿದ್ದೇನೆ, ಒಳ್ಳೆಯ ಡಾಕ್ಟರೂ ಸಿಕ್ಕಿದ್ದಾರೆ. ಇದಕ್ಕೆ ನಿಯಮವೂ ಇದೆ, 2020ರ ಮಾರ್ಚ್ 25ರಂದು ಕೇಂದ್ರ ಆರೋಗ್ಯ ಇಲಾಖೆ ಟೆಲಿಮೆಡಿಸಿನ್ ಮಾರ್ಗಸೂಚಿ ತಂದಿತು. ಅದರ ಪ್ರಕಾರ 16 ವರ್ಷದೊಳಗಿನ ಮಗುವಿನ ಜೊತೆ ದೊಡ್ಡವರು ಇರಲೇಬೇಕು. ಔಷಧಿ ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇರಬೇಕು. ಇದು ಫೋನಿನಲ್ಲಿ ಆಗುವುದಲ್ಲ, ನೇರವಾಗಿ ಬನ್ನಿ ಅಂತ ಹೇಳುವ ಹಕ್ಕು ಡಾಕ್ಟರಿಗೆ ಇದೆ. ಚೀಟಿ ಬಂದ ಕೂಡಲೇ ನಾನು ನೋಡುವುದು ಮೂರೇ: ಮಗುವಿನ ತೂಕ ಬರೆದಿದ್ದಾರಾ, ನೋಂದಣಿ ಸಂಖ್ಯೆ ಇದೆಯಾ, ಯಾವಾಗ ಆಸ್ಪತ್ರೆಗೆ ಓಡಬೇಕು ಅಂತ ಹೇಳಿದ್ದಾರಾ. ಕೊನೆಯದನ್ನು ಹೇಳದಿದ್ದರೆ ಕಾಲ್ ಇಡುವ ಮುಂಚೆ ನಾನೇ ಕೇಳುತ್ತೇನೆ.

ನಿಮ್ಮ ಮಗುವಿನ ಮಾಮೂಲಿ ಡಾಕ್ಟರು ವಾಟ್ಸ್ಆ್ಯಪ್‌ನಲ್ಲಿ ನೋಡಲು ಒಪ್ಪಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಅದಕ್ಕೂ ಮಾರ್ಗಸೂಚಿಯಲ್ಲಿ ಅವಕಾಶ ಇದೆ. ಫೀಸು ಕೊಡಿ, ಅವರ ಸಮಯ ಅದು.

ಹುಬ್ಬಳ್ಳಿ ಅಪ್ಪ:

ಅಕ್ಕಾ, ಗುಳ್ಳೆಗೆ ತೋರಿಸ್ರಿ. ಉಸಿರಾಟದ ತೊಂದರೆಗೆ ಮಾತ್ರ ಫೋನ್ ಹಿಡಿದು ಕೂಡಬೇಡ್ರಿ.

ನಮ್ಮ ಕೂಸಿಗೆ ಎಂಟು ತಿಂಗಳಿದ್ದಾಗ ಕೆಮ್ಮು ಹತ್ತಿತ್ತು. ಸಾದಾ ನೆಗಡಿ ಅಂತ ವಿಡಿಯೋದಾಗ ತೋರಿಸಿದೆವು. ಆ ಡಾಕ್ಟರ್ ಮೇಡಂ ಅಂಗಿ ಬಿಚ್ಚಿಸಿ, ಎದೆ ಮತ್ತು ಹೊಟ್ಟೆ ಎರಡೂ ಕಾಣುವಂಗ ಫೋನ್ ಅಲ್ಲಾಡಿಸದೆ ಹಿಡೀರಿ ಅಂದರು. ಪೂರ್ತಿ ಒಂದು ನಿಮಿಷ ಮಾತಾಡಲಿಲ್ಲ, ಉಸಿರು ಎಣಿಸಿದರು. ಪಕ್ಕೆಲುಬಿನ ಕೆಳಗೆ ಚರ್ಮ ಒಳಗ ಎಳೀತಿತ್ತು. ನಮಗದು ಕಂಡಿರಲೇ ಇಲ್ಲ. ಎರಡು ತಿಂಗಳು ದಾಟಿದ, ಒಂದು ವರ್ಷದೊಳಗಿನ ಕೂಸಿಗೆ ನಿಮಿಷಕ್ಕೆ 50 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ಜೋರು ಉಸಿರು, ಒಂದರಿಂದ ಐದು ವರ್ಷದವರಿಗೆ 40 ಅಂತ ತಿಳಿಸಿ ಹೇಳಿದರು. ಔಷಧಿ ಏನೂ ಬರೆಯಲಿಲ್ಲ. ಈಗಲೇ ಆಸ್ಪತ್ರೆಗೆ ಹೊರಡಿ ಅಂದರು. ಹೋದೆವು, ಆಕ್ಸಿಜನ್ ಹಚ್ಚಿದರು, ಕೂಸು ಆರಾಮಾಗಿ ಮನೆಗೆ ಬಂತು. ಆ ಮೇಡಮ್ಮನ್ನ ನಾನು ಇವತ್ತಿಗೂ ನೆನೆಸ್ತೀನಿ.

ತೋಟದಮನೆ:

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಇ-ಸಂಜೀವಿನಿಯಲ್ಲೇ ತೋರಿಸಿದೆವು. ಬೇರೆಯವರಿಗೂ ಉಪಯೋಗ ಆಗಲಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ತೂಕ ನೋಡಲು ಅಡಿಕೆ ತೂಗುವ ಯಂತ್ರ ಇತ್ತು. ಅವಳನ್ನು ಎತ್ತಿಕೊಂಡು ನಿಂತೆ, ಆಮೇಲೆ ನಾನೊಬ್ಬಳೇ ನಿಂತೆ, ಕಳೆದರೆ 12 ಕೆಜಿ ಬಂತು. ಬಾಗಿಲ ಹತ್ತಿರ ಫೋಟೋ ತೆಗೆದೆ. ಆಗ ಬಟ್ಟೆ ಸರಿಸಿ ನೋಡಿದರೆ ಅಂಗಾಲಿನಲ್ಲೂ ಇವೆ, ಕುಂಡೆ ಮೇಲೂ ಇವೆ! ಹೊಟ್ಟೆ ಬೆನ್ನು ಪೂರ್ತಿ ಚೊಕ್ಕ. ಅಂಗಾಲಿನಲ್ಲಿ ಇದ್ದಿದ್ದು ಉದ್ದುದ್ದ, ಅಕ್ಕಿ ಕಾಳಿನಷ್ಟು, ನಡುವೆ ಬೂದು ಬಣ್ಣ, ಸುತ್ತ ಕೆಂಪು ಅಂಚು. ಫೋಟೋದಲ್ಲಿ ಅದು ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ ಡಾಕ್ಟರು ವಿಡಿಯೋಗಿಂತ ಅದನ್ನೇ ಜಾಸ್ತಿ ನೋಡಿದರು.

ಟೋಕನ್ ತೆಗೆದುಕೊಂಡು ಜಗಲಿ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. ಒಂದಿಷ್ಟು ಹೊತ್ತು ಕಾಯಬೇಕಾಯಿತು. ಅತ್ತೆಯ ತೊಡೆ ಮೇಲೆ ಮಗಳು, ಎದುರಿಗೆ ಫೋನ್ ಹಿಡಿದುಕೊಂಡು ನಾನು. ಹೆಂಚಿನ ಮೇಲೆ ಮಳೆ ಸದ್ದು, ಅವರು ಹೇಳಿದ್ದು ಕೇಳುವುದಿಲ್ಲ ಅಂತ ಇಯರ್‌ಫೋನ್ ಹಾಕಿಕೊಂಡೆ. ನಡುವೆ ಕರೆಂಟ್ ಹೋಗಿ ಟವರೂ ಹೋಯಿತು, ಸ್ವಲ್ಪ ಹೊತ್ತಿಗೆ ಮತ್ತೆ ಸಿಕ್ಕಿತು.

ಬಾಯಿ ಒಳಗೆ ತೋರಿಸುವುದೇ ಕಷ್ಟದ ಕೆಲಸ. ಚಮಚ ಕಂಡ ಕೂಡಲೇ ಬಾಯಿ ಬಿಗಿದುಬಿಟ್ಟಳು. ಡಾಕ್ಟರು ಒತ್ತಾಯ ಮಾಡಬೇಡಿ ಅಂದರು. ಮಗೂ, ಹುಲಿ ಹೇಗೆ ಕೂಗುತ್ತೆ ತೋರಿಸು ಅಂತ ಅವರೇ ಕೇಳಿದರು. ಆ ಅಂತ ಬಾಯಿ ತೆಗೆದಳು, ಅತ್ತೆ ಪಕ್ಕದಿಂದ ಟಾರ್ಚ್ ಬಿಟ್ಟರು. ನಾಲಿಗೆ ಪಕ್ಕದಲ್ಲಿ, ಕೆನ್ನೆ ಒಳಗೆ ಹುಣ್ಣು ಇರುವುದು ನನಗೂ ಕಂಡಿತು. ಗಂಜಿಗೆ ಹಾಕಿದ ಉಪ್ಪಿಗೆ ಉರಿಯುತ್ತಿದ್ದಿದ್ದು ಅದಕ್ಕೇ.

ಇದು ಕೈ ಕಾಲು ಬಾಯಿ ರೋಗ ಅಂದರು. ಕಾಕ್ಸ್‌ಸ್ಯಾಕಿ ಅನ್ನುವ ವೈರಸ್ಸಿನ ಜಾತಿಯಿಂದ ಬರುತ್ತದಂತೆ. ಅತ್ತೆಗೆ ಗಾಬರಿ ಆಯಿತು, ಕೊಟ್ಟಿಗೆಯಲ್ಲಿ ದನಗಳಿವೆ ಅಂತ. ದನದ ಕಾಲುಬಾಯಿ ಜ್ವರ ಬೇರೆ ವೈರಸ್, ಇದು ಅವಕ್ಕೆ ಹೋಗುವುದಿಲ್ಲ, ಅದು ಮಗುವಿಗೆ ಬಂದಿಲ್ಲ ಅಂತ ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಸೀತಾಳೆ ಯಾಕಲ್ಲ ಅಂತ ಅತ್ತೆ ಕೇಳಿದ್ದಕ್ಕೂ ಬೇಸರ ಮಾಡಿಕೊಳ್ಳದೆ ಉತ್ತರ ಕೊಟ್ಟರು. ಸೀತಾಳೆಯಾದರೆ ಹೊಟ್ಟೆ ಬೆನ್ನಿನಲ್ಲಿ ಜಾಸ್ತಿ ಇರುತ್ತದೆ, ತುರಿಕೆ ಇರುತ್ತದೆ. ಇವಳಿಗೆ ಇರುವುದು ಅಂಗೈ, ಅಂಗಾಲು, ಬಾಯಿಯಲ್ಲಿ. ಅತ್ತೆ ಒಪ್ಪಿದರು. ನನಗೆ ಅದೇ ದೊಡ್ಡ ಸಮಾಧಾನ. ಮನೆಯಲ್ಲಿ ಎಲ್ಲರೂ ಒಂದೇ ಮಾತು ಕೇಳಿದ್ದರಿಂದ ಈಗ ಯಾರೂ ಮಗುವಿಗೆ ಬೇರೆ ಬೇರೆ ಔಷಧಿ ಮಾಡುತ್ತಿಲ್ಲ.

ಸಿಸ್ಟರ್ ಹೇಳಿದ ಹಾಗೆ ನಾವಿರುವ ಊರು, ಉಣುಗು ಕಚ್ಚಿಲ್ಲ, ಹತ್ತಿರ ಡೆಂಗಿ ಇಲ್ಲ ಅಂತ ನಾನೇ ಹೇಳಿದೆ. ಅವರು ಮೈಯೆಲ್ಲ ಮತ್ತೊಮ್ಮೆ ತೋರಿಸಿ ಅಂದರು. ಚುಕ್ಕೆ ಮೇಲೆ ಗಾಜಿನ ಲೋಟ ಒತ್ತಿಸಿ, ಬಣ್ಣ ಮಾಸುತ್ತಾ ಅಂತ ನೋಡಿಸಿದರು. ಮಾಸಿತು, ಅದು ಒಳ್ಳೆಯದೇ ಅಂದರು. ಜ್ವರ ಮೂರು ದಿನ ದಾಟಿದರೆ ಅಥವಾ ಹೊಸದಾಗಿ ಜೋರು ಜ್ವರ ಬಂದರೆ ಮಳೆ ಎಷ್ಟೇ ಇರಲಿ ತೀರ್ಥಹಳ್ಳಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಲೇಬೇಕು ಅಂದರು.

ಆ್ಯಂಟಿಬಯೋಟಿಕ್ ಇಲ್ಲ. ನೋವು, ಜ್ವರ ಇದ್ದರೆ ಪ್ಯಾರಸಿಟಮಾಲ್, ಕುಡಿಯುವುದು ಕಮ್ಮಿಯಾದರೆ ಒಆರ್‌ಎಸ್. ಎಳನೀರು, ತಣ್ಣಗಿನ ಮೊಸರನ್ನ ಕೊಡಿ, ಖಾರ ಹುಳಿ ಬೇಡ. ಗುಳ್ಳೆ ಒಡೆಯಬೇಡಿ. ವಾರ ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ವೈರಸ್ಸು ಮಲದಲ್ಲಿ ವಾರಗಟ್ಟಲೆ ಇರುತ್ತದೆ, ಅದಕ್ಕೆ ತೊಳೆಸಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಬಿಡಬೇಡಿ ಅಂದರು. ಇದನ್ನು ನಾನು ಅಂಗನವಾಡಿ ಟೀಚರಿಗೂ ಫೋನ್ ಮಾಡಿ ಹೇಳಿದೆ, ಅಲ್ಲಿ ಎಲ್ಲ ಮಕ್ಕಳದ್ದೂ ಒಂದೇ ಟವೆಲ್. ಇನ್ನು ಕೆಲವು ವಾರ ಬಿಟ್ಟು ಕೈ ಉಗುರು ಸುಲಿದು ಬರಬಹುದಂತೆ, ಹೆದರಬೇಡಿ, ಹೊಸ ಉಗುರು ಬರುತ್ತದೆ ಅಂದರು. ಮೊದಲೇ ಹೇಳಿದ್ದು ಒಳ್ಳೆಯದಾಯಿತು.

ನನಗನ್ನಿಸಿದ್ದು ಇಷ್ಟು. ನಮ್ಮ ಕಡೆ ಮಳೆಗಾಲದಲ್ಲಿ ಇಂಥ ಸಣ್ಣ ಕಾಯಿಲೆಗೆ ಮಗುವನ್ನು ನೆನೆಸಿಕೊಂಡು ಬಸ್ಸಿಗೆ ಕಾಯುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಟವರ್ ಇಲ್ಲದ ಮನೆಗಳು ನಮ್ಮ ಊರಲ್ಲೇ ಬೇಕಾದಷ್ಟಿವೆ. ಅವರಿಗೆ ಈ ಅನುಕೂಲ ಇಲ್ಲ. ಪಂಚಾಯ್ತಿಯಲ್ಲಿ ಕಾಲುಸಂಕದ ಜೊತೆ ಟವರನ್ನೂ ಕೇಳಬೇಕು, ಕೇಳುತ್ತೇನೆ.

ಕಾರ್ಕಳದವಳು:

ಒಂದು ಡೌಟು. ನಮ್ಮ ಮನೆಯಲ್ಲಿ ಪ್ಯಾರಸಿಟಮಾಲ್ ಸಿರಪ್ ಎರಡು ಬಾಟಲಿ ಇದೆ. ಒಂದರಲ್ಲಿ 120 ಅಂತ ಇದೆ, ಇನ್ನೊಂದರಲ್ಲಿ 250. ವಿಡಿಯೋದಲ್ಲಿ ತೋರಿಸಿದಾಗ ಡಾಕ್ಟರು ಒಂದರ ಹೆಸರು ಬರೆದರು, ಮೆಡಿಕಲ್‌ನಲ್ಲಿ ಅದಿಲ್ಲ ಅಂತ ಇನ್ನೊಂದು ಕೊಟ್ಟರು. ಎಷ್ಟು ಎಂಎಲ್ ಕೊಡುವುದು? ಮಗು 10 ಕೆಜಿ.

ಉಪಕೇಂದ್ರದ ಸಿಸ್ಟರ್:

ಒಳ್ಳೆಯದಾಯಿತು ಕೇಳಿದ್ದು, ಇದರಲ್ಲಿ ತುಂಬಾ ಜನ ಎಡವುತ್ತಾರೆ. ಆ ನಂಬರು 5 ಎಂಎಲ್‌ನಲ್ಲಿ ಎಷ್ಟು ಮಿಲಿಗ್ರಾಂ ಔಷಧಿ ಇದೆ ಅಂತ. 250ರ ಬಾಟಲಿ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿಯೇ ಸ್ಟ್ರಾಂಗ್. ಒಂದು ಡೋಸಿಗೆ ಕೆಜಿಗೆ ಗರಿಷ್ಠ 15 ಮಿಲಿಗ್ರಾಂ ಅಂತ ಲೆಕ್ಕ ಹಾಕುತ್ತಾರೆ. 10 ಕೆಜಿ ಮಗುವಿಗೆ 150 ಮಿಲಿಗ್ರಾಂ. ಅಂದರೆ 120ರ ಬಾಟಲಿಯಲ್ಲಿ ಸುಮಾರು 6 ಎಂಎಲ್, 250ರದ್ದರಲ್ಲಿ 3 ಎಂಎಲ್. 120ರ ಬಾಟಲಿ ಅಳತೆಯಲ್ಲೇ 250ರದ್ದನ್ನು ಕೊಟ್ಟರೆ ಮಗುವಿಗೆ ಎರಡು ಡೋಸ್ ಒಟ್ಟಿಗೆ ಹೋದ ಹಾಗೆ. ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಿ, ಆರು ಗಂಟೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ನೆಗಡಿ ಸಿರಪ್ ಏನಾದರೂ ಕೊಡುತ್ತಿದ್ದರೆ ಅದರ ಬಾಟಲಿ ಮೇಲೆ ಬರೆದಿರುವುದನ್ನು ಓದಿ, ಕೆಲವದರಲ್ಲಿ ಪ್ಯಾರಸಿಟಮಾಲ್ ಸೇರಿಯೇ ಇರುತ್ತದೆ. ಅಳೆಯಲು ಬಾಟಲಿ ಜೊತೆ ಬರುವ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜ್ ಬಳಸಿ, ಅಡುಗೆಮನೆ ಚಮಚ ಬೇಡ.

ಮತ್ತೆ, ಎರಡರಲ್ಲಿ ಒಂದು ಬಾಟಲಿ ಮಾತ್ರ ಇಟ್ಟುಕೊಳ್ಳಿ. ಚೀಟಿ ಬರೆದ ಡಾಕ್ಟರಿಗೆ ಮೆಡಿಕಲ್‌ನಲ್ಲಿ ಸಿಕ್ಕಿದ್ದು ಇದು ಅಂತ ಫೋಟೋ ಕಳಿಸಿ, ಅಳತೆಯನ್ನು ಅವರಿಂದಲೇ ಬರೆಸಿಕೊಂಡರೆ ಇನ್ನೂ ಸರಿ.